ಸ್ಪ್ರಿಂಗ್ ಒಂದು, ಸಂಕಟ ನೂರು: ಕೀಬೋರ್ಡಿನ ಬಿಡಿಭಾಗಗಳಿಗೆ ಮನೆಯಲ್ಲೊಂದು ಜಾಗ

ಎಡನೀರು: ಕಂಪ್ಯೂಟರ್ ಕೀಬೋರ್ಡ್ ಹಾಳಾದರೆ ಎಸೆದು ಹೊಸತು ತರುವುದು ಹೆಚ್ಚಿನವರ ರೂಢಿ. ಆದರೆ ಬಿಚ್ಚಿ, ತೊಳೆದು, ರಿಪೇರಿ ಮಾಡಿ ಮತ್ತೆ ಬಳಸಬಹುದಾದ ಕೀಬೋರ್ಡುಗಳೂ ಇವೆ. ಅವುಗಳ ಬಿಡಿಭಾಗಗಳನ್ನು ಅಂಚೆ, ಕೊರಿಯರ್ ಮೂಲಕ ತರಿಸಿ ಮನೆಯಲ್ಲೇ ಜೋಡಿಸಿಕೊಳ್ಳುವ ಹವ್ಯಾಸ ಈಗ ಮಹಾನಗರಗಳಿಗೆ ಮಾತ್ರ ಸೀಮಿತವಲ್ಲ. ಚೆರ್ಕಳದಿಂದ ಬದಿಯಡ್ಕದತ್ತ ಸಾಗುವ ರಸ್ತೆಯ ಬದಿಯ ಎಡನೀರಿನಂತಹ ಊರಿನ ಮನೆಯಲ್ಲೂ ಇದು ಸಾಧ್ಯ. ಜೋಡಿಸುವ ವಿದ್ಯೆಯನ್ನು ವಿಡಿಯೋ ನೋಡಿ ಕಲಿಯಬಹುದು. ಆದರೆ ಅರ್ಧ ಕೆಲಸದಲ್ಲಿ ಕರೆಂಟು ಹೋದಾಗ, ಮನೆಯ ಮಗು ಮೇಜಿಗೆ ಕೈ ಹಾಕಿದಾಗ, ಆಷಾಢದ ತೇವ ಡಬ್ಬಿಯೊಳಗೆ ಇಳಿದಾಗ ಆ ಸಣ್ಣ ಸಣ್ಣ ಭಾಗಗಳ ಗತಿಯೇನು? ಕೆಲಸ ಕೆಡುವುದು ಹೆಚ್ಚಾಗಿ ಅಲ್ಲಿಯೇ.

ಅಕ್ಕಿಕಾಳಿಗಿಂತ ಚಿಕ್ಕದಾದ ಸ್ಕ್ರೂ ಒಂದು ಕಳೆದುಹೋದರೆ ಅದರ ಬೆಲೆ ಒಂದೆರಡು ರೂಪಾಯಿ ಇರಬಹುದು. ಆದರೆ ಅದೇ ಅಳತೆಯ ಸ್ಕ್ರೂ ಹತ್ತಿರದ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಭರವಸೆಯಿಲ್ಲ. ಒಂದು ಸ್ಕ್ರೂಗಾಗಿ ಇಡೀ ಪೊಟ್ಟಣ ತರಿಸಬೇಕು, ಅಂಚೆ ಖರ್ಚು ಕೊಡಬೇಕು, ದಿನಗಟ್ಟಲೆ ಕಾಯಬೇಕು. ಅಲ್ಲಿಯವರೆಗೆ ಸಾವಿರಾರು ರೂಪಾಯಿಯ ಸಾಮಾನು ಮೂಲೆಯಲ್ಲಿ ಕೂರುತ್ತದೆ. ಟೈಪಿಂಗನ್ನೇ ನಂಬಿ ಬದುಕುವವರಿಗೆ, ಅಂದರೆ ಅಕ್ಷಯ ಕೇಂದ್ರದಲ್ಲಿ ಅರ್ಜಿ ತುಂಬುವವರಿಗೆ, ಡಿಟಿಪಿ ಅಂಗಡಿಯಲ್ಲಿ ಆಮಂತ್ರಣ ಪತ್ರಿಕೆ ಮಾಡುವವರಿಗೆ, ಇದು ಹವ್ಯಾಸದ ಮಾತಲ್ಲ. ದಿನದ ಸಂಪಾದನೆಯ ಮಾತು.

ಏನಿದು ಮೆಕ್ಯಾನಿಕಲ್ ಕೀಬೋರ್ಡ್?

ಅಗ್ಗದ ಕೀಬೋರ್ಡಿನಲ್ಲಿ ಎಲ್ಲ ಕೀಲಿಗಳ ಕೆಳಗೆ ಒಂದೇ ರಬ್ಬರ್ ಹಾಳೆ ಇರುತ್ತದೆ. ಅದು ಒಂದು ಕಡೆ ಹರಿದರೆ ಒಂದು ಕೀಲಿಯನ್ನು ಮಾತ್ರ ಸರಿಮಾಡಲು ಆಗುವುದಿಲ್ಲ. ಮೆಕ್ಯಾನಿಕಲ್ ಕೀಬೋರ್ಡಿನ ಕಥೆ ಬೇರೆ. ಅದರಲ್ಲಿ ಪ್ರತಿ ಕೀಲಿಗೂ ಪ್ರತ್ಯೇಕ ಸ್ವಿಚ್. ಈ ಸ್ವಿಚ್ಚನ್ನು ಬಿಚ್ಚಿದರೆ ನಾಲ್ಕು ಭಾಗ ಕಾಣುತ್ತದೆ. ಮೇಲಿನ ಚಿಪ್ಪು, ಕೆಳಗಿನ ಚಿಪ್ಪು, ನಡುವೆ ಮೇಲೆ ಕೆಳಗೆ ಓಡಾಡುವ ಕಡ್ಡಿ (ಇದಕ್ಕೆ ಸ್ಟೆಮ್ ಎನ್ನುತ್ತಾರೆ) ಮತ್ತು ಅದನ್ನು ಮೇಲಕ್ಕೆ ತಳ್ಳುವ ಸ್ಪ್ರಿಂಗ್. ಕೆಳಗಿನ ಚಿಪ್ಪಿನೊಳಗೆ ವಿದ್ಯುತ್ ಸಂಪರ್ಕ ಕೊಡುವ ತೆಳು ಲೋಹದ ತಗಡು ಕುಳಿತಿರುತ್ತದೆ. ಅದನ್ನು ಕೀಳದಿರುವುದೇ ಕ್ಷೇಮ.

ಜರ್ಮನಿಯ ಚೆರಿ ಕಂಪೆನಿ 1980ರ ದಶಕದಲ್ಲಿ ತಂದ ಎಂಎಕ್ಸ್ ಸ್ವಿಚ್ಚೇ ಈ ವರ್ಗಕ್ಕೆ ಮಾದರಿ. ಆ ಕಂಪೆನಿಯ ಪೇಟೆಂಟ್ ಅವಧಿ ಮುಗಿದ ಬಳಿಕ ಗೇಟೆರಾನ್, ಕೈಲ್ ಮುಂತಾದ ಚೀನಾದ ತಯಾರಕರು ಅದೇ ಅಳತೆಯ ಸ್ವಿಚ್ಚುಗಳನ್ನು ಕಡಿಮೆ ಬೆಲೆಗೆ ಮಾರುಕಟ್ಟೆಗೆ ತಂದರು. ಒಂದರ ಜಾಗದಲ್ಲಿ ಇನ್ನೊಂದು ಕೂರುವುದರಿಂದಲೇ ಮನೆಯಲ್ಲಿ ಜೋಡಿಸುವ ಹವ್ಯಾಸ ಬೆಳೆಯಿತು. ಸ್ವಿಚ್ಚಿನ ಮೇಲೆ ಅಕ್ಷರ ಬರೆದ ಟೊಪ್ಪಿ ಕೂರುತ್ತದೆ. ಅದೇ ಕೀಕ್ಯಾಪ್. ಸ್ಪೇಸ್, ಎಂಟರ್, ಶಿಫ್ಟ್‌ನಂತಹ ಉದ್ದ ಕೀಲಿಗಳು ಒಂದು ಬದಿಗೆ ವಾಲದಂತೆ ಹಿಡಿಯಲು ಸ್ಟೆಬಿಲೈಜರ್ ಎಂಬ ತಂತಿಯ ಜೋಡಣೆ ಇರುತ್ತದೆ.

ಲೆಕ್ಕ ಹಾಕಿದರೆ ಐನೂರರ ಹತ್ತಿರ

ಬಲಬದಿಯ ಅಂಕೆಗಳ ಭಾಗವಿಲ್ಲದ ಕೀಬೋರ್ಡಿನಲ್ಲಿ ಸಾಮಾನ್ಯವಾಗಿ 87 ಕೀಲಿಗಳಿರುತ್ತವೆ. ಸ್ವಿಚ್ಚುಗಳಿಗೆ ಎಣ್ಣೆ ಹಚ್ಚಲು ಎಲ್ಲವನ್ನೂ ಬಿಚ್ಚಿದರೆ 87ರ ನಾಲ್ಕು ಪಟ್ಟು, ಅಂದರೆ 348 ತುಂಡುಗಳು ಮೇಜಿನ ಮೇಲೆ. ಕೀಕ್ಯಾಪ್ 87. ಐದು ಉದ್ದ ಕೀಲಿಗಳ ಸ್ಟೆಬಿಲೈಜರಿನಲ್ಲಿ ಹತ್ತು ಚಿಪ್ಪು, ಹತ್ತು ಕಡ್ಡಿ, ಐದು ತಂತಿ, ಒಟ್ಟು 25. ಸ್ಕ್ರೂ ಹಾಕಿ ಬಿಗಿಯುವ ಬಗೆಯದ್ದಾದರೆ ಇನ್ನೂ ಹತ್ತು ಸ್ಕ್ರೂ, ಹತ್ತು ವಾಷರ್. ಎಲ್ಲ ಕೂಡಿಸಿದರೆ 480. ಹೊರಕವಚದ ಸ್ಕ್ರೂಗಳು ಬೇರೆ. ಬೆಸುಗೆ ಹಾಕಿ ಮೊದಲಿನಿಂದ ಕಟ್ಟುವವರಿಗೆ ಕೀಲಿಗೊಂದರಂತೆ 87 ಡಯೋಡುಗಳೂ ಸೇರುತ್ತವೆ.

ಇವುಗಳಲ್ಲಿ ಮುಕ್ಕಾಲು ಪಾಲು ನೋಡಲು ಒಂದೇ ತರಹ. ಕಷ್ಟ ಇರುವುದು ಇಲ್ಲೇ. ಕಳೆದುಹೋದ ವಸ್ತುವನ್ನಾದರೂ ಹುಡುಕಬಹುದು, ಬೆರೆತುಹೋದದ್ದನ್ನು ಬೇರ್ಪಡಿಸುವುದು ಅದಕ್ಕಿಂತ ಕಷ್ಟ. 62 ಗ್ರಾಂ ಒತ್ತಡದ ಸ್ಪ್ರಿಂಗಿಗೂ 67 ಗ್ರಾಂ ಸ್ಪ್ರಿಂಗಿಗೂ ಕಣ್ಣಿಗೆ ಕಾಣುವ ವ್ಯತ್ಯಾಸವಿಲ್ಲ. ಎರಡೂ ಒಂದೇ ಡಬ್ಬಿಗೆ ಬಿದ್ದರೆ ಕೀಬೋರ್ಡ್ ಜೋಡಿಸಿದ ಮೇಲೆ ಒಂದು ಕೀಲಿ ಹಗುರ, ಪಕ್ಕದ್ದು ಬಿಗಿ. ಆಗ ಮತ್ತೆ ಎಲ್ಲವನ್ನೂ ಬಿಚ್ಚಬೇಕು.

ಚೌಕಿ ಹೇಳುವ ಪಾಠ

ಸಣ್ಣ ವಸ್ತುಗಳನ್ನು ಜೋಪಾನ ಮಾಡುವುದು ಎಡನೀರಿಗೆ ಹೊಸ ವಿಷಯವಲ್ಲ. ಇದು ಯಕ್ಷಗಾನದ ಊರು. ಇಲ್ಲಿನ ಮಠ ಈ ಕಲೆಗೆ ಆಶ್ರಯ ಕೊಟ್ಟದ್ದು ಎಲ್ಲರಿಗೂ ಗೊತ್ತು. 2020ರ ಸೆಪ್ಟೆಂಬರ್ 6ರಂದು ಬ್ರಹ್ಮೈಕ್ಯರಾದ ಕೇಶವಾನಂದ ಭಾರತೀ ಸ್ವಾಮೀಜಿ ಸ್ವತಃ ಭಾಗವತಿಕೆ ಮಾಡುತ್ತಿದ್ದವರು. ಆಟ ನೋಡಿದವರೆಲ್ಲ ಚೌಕಿಯನ್ನೂ ಇಣುಕಿ ನೋಡಿರುತ್ತಾರೆ. ಕಿರೀಟ, ಭುಜಕೀರ್ತಿ, ಎದೆಕಟ್ಟು, ತೋಳ್ಕಟ್ಟು, ಗೆಜ್ಜೆ ಹೀಗೆ ಒಂದೊಂದು ವೇಷಕ್ಕೂ ಹತ್ತಾರು ಸಾಮಾನು. ಮೇಳ ಇವತ್ತು ಒಂದೂರು, ನಾಳೆ ಇನ್ನೊಂದೂರು. ಆದರೂ ವೇಷಧಾರಿ ಕತ್ತಲಲ್ಲಿ ತಡಕಾಡುವುದಿಲ್ಲ.

ಕಾರಣ ಸರಳ. ಚೌಕಿಯಲ್ಲಿ ಯಾವ ವೇಷದವರು ಎಲ್ಲಿ ಕುಳಿತುಕೊಳ್ಳಬೇಕು ಎಂಬ ಕ್ರಮವಿದೆ. ಊರು ಬದಲಾದರೂ ಆ ಕ್ರಮ ಬದಲಾಗುವುದಿಲ್ಲ. ಪೆಟ್ಟಿಗೆಗಳದ್ದೂ ಹಾಗೆಯೇ. ಆಟ ಮುಗಿದು ಬಣ್ಣ ತೆಗೆಯುವ ಹೊತ್ತಿಗೆ ಬಿಚ್ಚಿದ್ದೆಲ್ಲ ಅದದರ ಪೆಟ್ಟಿಗೆ ಸೇರಬೇಕು. ವಸ್ತುವಿಗೆ ಜಾಗ ಮೊದಲೇ ನಿಶ್ಚಯವಾಗಿರಬೇಕು ಮತ್ತು ಬಳಸಿದ ಕೂಡಲೇ ಅದು ಅಲ್ಲಿಗೆ ಮರಳಬೇಕು. ಈ ಎರಡೇ ನಿಯಮ.

ಹಳೆಯ ಮುದ್ರಣಾಲಯಗಳದ್ದೂ ಇದೇ ಶಿಸ್ತು. ಮಂಗಳೂರಿನ ಬಾಸೆಲ್ ಮಿಷನ್ 1841ರಲ್ಲಿ ಮುದ್ರಣಾಲಯ ತೆರೆದಾಗ ಕೆಲಸ ಕಲ್ಲಚ್ಚಿನಲ್ಲಿ ನಡೆಯುತ್ತಿತ್ತು. ಅಚ್ಚುಮೊಳೆ ಬಂದದ್ದು ಆಮೇಲೆ. ಇಂಗ್ಲಿಷಿಗೆ 26 ಅಕ್ಷರ ಸಾಕು, ಆದರೆ ಗುಣಿತಾಕ್ಷರ, ಒತ್ತಕ್ಷರಗಳಿರುವ ಕನ್ನಡಕ್ಕೆ ನೂರಾರು ಬಗೆಯ ಮೊಳೆ ಬೇಕು. ಪ್ರತಿಯೊಂದಕ್ಕೂ ಮರದ ಹಲಗೆಯಲ್ಲಿ ಒಂದೊಂದು ಮನೆ. ಪುಟ ಅಚ್ಚಾದ ಬಳಿಕ ಮೊಳೆಗಳನ್ನು ಬಿಡಿಸಿ ಅದದರ ಮನೆಗೆ ಹಾಕುವುದು ಜೋಡಿಸುವಷ್ಟೇ ಮುಖ್ಯವಾದ ಕೆಲಸವಾಗಿತ್ತು. ಒಂದು ಮೊಳೆ ತಪ್ಪು ಮನೆಗೆ ಬಿದ್ದರೆ ಮಾರನೆಯ ದಿನ ತಪ್ಪು ಅಕ್ಷರ ಅಚ್ಚಾಗುತ್ತಿತ್ತು. ಕೀಬೋರ್ಡ್ ಜೋಡಿಸುವವರಿಗೂ ಇದಕ್ಕಿಂತ ಹೆಚ್ಚಿನ ಗುಟ್ಟು ಬೇಕಾಗಿಲ್ಲ.

ಬಿಚ್ಚುವ ಮುನ್ನ

ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಡಬ್ಬಿ ಹಿಡಿಯಬೇಕು. ಯಾವ ಭಾಗ ಎಲ್ಲಿಗೆ ಎಂದು ತೀರ್ಮಾನಿಸಿ, ಖಾಲಿ ಡಬ್ಬಿಗಳನ್ನು ಸಾಲಾಗಿಟ್ಟ ಮೇಲೆಯೇ ಮೊದಲ ಸ್ಕ್ರೂ ಬಿಚ್ಚುವುದು ಒಳ್ಳೆಯದು.

ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿದರೆ ಸ್ಪ್ರಿಂಗ್ ಹಾರಿ ಬಿದ್ದರೂ ಉರುಳುವುದಿಲ್ಲ, ಬೇಗ ಕಣ್ಣಿಗೂ ಬೀಳುತ್ತದೆ. ಅಂಚಿರುವ ದೊಡ್ಡ ಸ್ಟೀಲ್ ಹರಿವಾಣದೊಳಗೆ ಕೆಲಸ ಮಾಡಿದರೆ ಇನ್ನೂ ಉತ್ತಮ. ಫ್ಯಾನಿನ ಗಾಳಿ ನೇರವಾಗಿ ಬೀಸದಿರಲಿ. ಮಧ್ಯೆ ಎದ್ದು ಹೋಗಬೇಕಾದಾಗ ಕೈಗಡಿಯಾರ ರಿಪೇರಿಯವರು ಮಾಡುವಂತೆ, ಬಿಚ್ಚಿಟ್ಟದ್ದರ ಮೇಲೆ ಒಂದು ಗಾಜಿನ ಲೋಟವನ್ನೋ ಪಾರದರ್ಶಕ ಡಬ್ಬಿಯನ್ನೋ ಕವುಚಿ ಹೋಗಬೇಕು.

ವಿಂಗಡಿಸುವ ಹಲಗೆ ಬೇಕೆಂದರೆ ತುಳುನಾಡಿನ ಹಲವು ಮನೆಗಳ ಅಟ್ಟದಲ್ಲಿ ಅದು ಸಿದ್ಧವಾಗಿಯೇ ಇದೆ. ಚೆನ್ನೆಮಣೆ! ಆಟಿ ತಿಂಗಳಲ್ಲಿ ಆಡುತ್ತಿದ್ದ ಆ ಮಣೆಗೆ ಏಳೇಳರಂತೆ ಎರಡು ಸಾಲು, ಒಟ್ಟು 14 ಗುಳಿ. ಮೇಲಿನ ಸಾಲಿನಲ್ಲಿ ಬಿಚ್ಚಿದ ಭಾಗ, ಕೆಳಗಿನ ಸಾಲಿನಲ್ಲಿ ಎಣ್ಣೆ ಹಚ್ಚಿದ ಭಾಗ ಎಂದು ಹಂಚಿಕೊಂಡರೆ ಯಾವುದು ಆಯಿತು, ಯಾವುದು ಬಾಕಿ ಎಂಬ ಗೊಂದಲವಿಲ್ಲ. ಗುಳಿ ದುಂಡಗಿರುವುದರಿಂದ ಬೆರಳಿಗೆ ಸುಲಭವಾಗಿ ಸಿಗುತ್ತದೆ. ಮಣೆಯನ್ನು ಒರೆಸಿ, ಗುಳಿಗಳಿಗೆ ಕಾಗದ ಹಾಸಿಕೊಂಡರೆ ಮರಕ್ಕೆ ಎಣ್ಣೆ ತಾಗದು. ಆದರೆ ಇದು ಕೆಲಸದ ಹೊತ್ತಿಗೆ ಮಾತ್ರ. ಮುಚ್ಚಳವಿಲ್ಲದ ಮಣೆ ಶೇಖರಣೆಗೆ ಆಗದು. ಚೆನ್ನೆಮಣೆ ಇಲ್ಲದವರಿಗೆ ಐಸ್ ಟ್ರೇಯೋ, ಅಡುಗೆ ಮನೆಯ ಹಳೆಯ ಸಾಂಬಾರ ಡಬ್ಬಿಯ ಬಟ್ಟಲುಗಳೋ ಸಾಕು.

ಹೊರಕವಚದ ಸ್ಕ್ರೂಗಳಿಗೆ ಮೊಬೈಲ್ ರಿಪೇರಿಯವರ ಉಪಾಯವಿದೆ. ಒಂದು ರಟ್ಟಿನ ಮೇಲೆ ಕೀಬೋರ್ಡಿನ ಆಕಾರ ಬರೆದು, ಸ್ಕ್ರೂ ಎಲ್ಲಿಂದ ಬಂತೋ ಅದೇ ಜಾಗದಲ್ಲಿ ಚುಚ್ಚಿಡುವುದು ಅಥವಾ ಟೇಪಿನಲ್ಲಿ ಅಂಟಿಸುವುದು. 4 ಮಿ.ಮೀ. ಉದ್ದದ ಸ್ಕ್ರೂ ಜಾಗಕ್ಕೆ 8 ಮಿ.ಮೀ.ನದ್ದು ಹಾಕಿ ತಿರುಗಿಸಿದರೆ ಅದು ಒಳಗಿನ ಸರ್ಕ್ಯೂಟ್ ಹಲಗೆಗೇ ಇರಿಯಬಹುದು. ಎರಡು ರೂಪಾಯಿಯ ಸ್ಕ್ರೂ ಎರಡು ಸಾವಿರದ ಹಲಗೆ ಕೆಡಿಸುವುದು ಹೀಗೆ.

ಯಾವುದಕ್ಕೆ ಯಾವ ಡಬ್ಬಿ?

ಸ್ಪ್ರಿಂಗ್: ಒಂದಕ್ಕೊಂದು ತೊಡಕಿ ಗಂಟಾಗುವುದು ಇದರ ಸ್ವಭಾವ. ಜಿಪ್ ಇರುವ ಸಣ್ಣ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಒತ್ತಡದ ಪ್ರಕಾರ ಬೇರೆ ಬೇರೆಯಾಗಿ ಹಾಕಿ, ಆ ತೊಟ್ಟೆಗಳನ್ನು ಮಾತ್ರೆ ಕುಪ್ಪಿಯಂತಹ ಗಟ್ಟಿ ಕುಪ್ಪಿಯೊಳಗೆ ಇಡಬೇಕು. ಮೇಲಿಂದ ಭಾರ ಬಿದ್ದರೆ ಸ್ಪ್ರಿಂಗ್ ಬಾಗುತ್ತದೆ, ಬಾಗಿದ್ದು ಮತ್ತೆ ನೆಟ್ಟಗಾಗದು. ತೊಡಕಿದ ಸ್ಪ್ರಿಂಗನ್ನು ಎಳೆಯದೆ ತಿರುಗಿಸಿ ಬಿಡಿಸಬೇಕು. ಇವುಗಳನ್ನು ಒಟ್ಟುಗೂಡಿಸಲು ಅಯಸ್ಕಾಂತ ಬೇಡ.

ಸ್ವಿಚ್: ಬಿಚ್ಚದ ಸ್ವಿಚ್ಚಿನ ಅಡಿಯಲ್ಲಿ ಎರಡು ತೆಳು ಲೋಹದ ಕಾಲುಗಳಿರುತ್ತವೆ. ಅವು ಬಾಗಿದರೆ ಸಾಕೆಟ್ಟಿಗೆ ಇಳಿಯುವುದಿಲ್ಲ. ಬಲವಂತ ಮಾಡಿದರೆ ಸಾಕೆಟ್ಟೂ ಕಿತ್ತು ಬರುತ್ತದೆ. ಆದ್ದರಿಂದ ಸ್ವಿಚ್ಚುಗಳನ್ನು ರಾಶಿ ಹಾಕದೆ, ಕಾಲು ಮೇಲಾಗಿ ಸಾಲಾಗಿ ಜೋಡಿಸಿಡುವುದು ಅಥವಾ ತೆಳು ಸ್ಪಂಜಿಗೆ ಮೆಲ್ಲಗೆ ಚುಚ್ಚಿಡುವುದು ಲೇಸು. ಮೂರು ಕಾಲಿನ ಮತ್ತು ಐದು ಕಾಲಿನ ಸ್ವಿಚ್ಚುಗಳನ್ನು ಬೆರೆಸಬಾರದು. ಹೆಚ್ಚಿನ ಎರಡು ಕಾಲು ಪ್ಲಾಸ್ಟಿಕ್ಕಿನವು, ಎಲ್ಲ ಹಲಗೆಯಲ್ಲೂ ಅವಕ್ಕೆ ತೂತು ಇರುವುದಿಲ್ಲ.

ಕೀಕ್ಯಾಪ್: ಸಾಲಿನಿಂದ ಸಾಲಿಗೆ ಎತ್ತರ ಮತ್ತು ಓರೆ ಬೇರೆ ಬೇರೆ ಇರುವ ಕೀಕ್ಯಾಪುಗಳೇ ಹೆಚ್ಚು ಬಳಕೆಯಲ್ಲಿವೆ. ಅಕ್ಷರ ಇರುವವುಗಳನ್ನು ಗುರುತು ಹಿಡಿಯಬಹುದು. ಅಕ್ಷರವಿಲ್ಲದ ಖಾಲಿ ಕೀಕ್ಯಾಪುಗಳು ಬೆರೆತರೆ ಕೀಬೋರ್ಡಿನ ಮೇಲ್ಮೈ ಗದ್ದೆಯ ಹುಣಿಯಂತೆ ಏರುಪೇರಾಗುತ್ತದೆ. ಆದ್ದರಿಂದ ಸಾಲಿಗೊಂದು ತೊಟ್ಟೆ. ಕಟ್ಟು ಬಂದ ಪ್ಲಾಸ್ಟಿಕ್ ಟ್ರೇಯನ್ನು ಎಸೆಯದಿದ್ದರೆ ಅದೇ ಅತ್ಯುತ್ತಮ. ಬಿಸಿಲು ಬೀಳುವ ಕಿಟಕಿಯ ಬಳಿ ಇಡಬಾರದು, ಪ್ಲಾಸ್ಟಿಕ್ ಹಳದಿಯಾಗುತ್ತದೆ.

ಸ್ಟೆಬಿಲೈಜರ್: ಇದರಲ್ಲಿ ಎರಡು ಚಿಪ್ಪು, ಎರಡು ಕಡ್ಡಿ, ಒಂದು ತಂತಿ ಎಂಬ ಐದೂ ಸೇರಿದರೆ ಮಾತ್ರ ಒಂದು. ಚಿಪ್ಪುಗಳೆಲ್ಲ ಒಂದು ಕಡೆ, ತಂತಿಗಳೆಲ್ಲ ಇನ್ನೊಂದು ಕಡೆ ಎಂದು ವಿಂಗಡಿಸುವುದು ನೋಡಲು ಚೆಂದ, ಕೆಲಸಕ್ಕೆ ತೊಂದರೆ. ಸ್ಪೇಸ್ ಕೀಲಿಯ ತಂತಿ ಉದ್ದ, ಉಳಿದವು ಗಿಡ್ಡ. ತಂತಿ ಕೂದಲೆಳೆಯಷ್ಟು ಬಾಗಿದರೂ ಕೀಲಿ ಗಲಗಲ ಎನ್ನುತ್ತದೆ. ಒಂದೊಂದು ಜೋಡಣೆಯನ್ನೂ ಒಂದೊಂದು ತೊಟ್ಟೆಯಲ್ಲಿ, ತಂತಿಗೆ ರಟ್ಟಿನ ಆಸರೆ ಕೊಟ್ಟು ಇಡಬೇಕು.

ಸರ್ಕ್ಯೂಟ್ ಹಲಗೆ: ಅದು ಬಂದ ಬೆಳ್ಳಿಬಣ್ಣದ ತೊಟ್ಟೆಯಲ್ಲೇ ಇರಲಿ. ಸ್ಥಿರ ವಿದ್ಯುತ್ತಿನಿಂದ ಅದನ್ನು ಕಾಯುವ ತೊಟ್ಟೆ ಅದು. ಬಿಡಿ ಸ್ಕ್ರೂ, ತಂತಿ ತುಂಡುಗಳನ್ನು ಅದರ ಜತೆ ಹಾಕಲೇಬಾರದು.

ಎಣ್ಣೆ: ಸ್ವಿಚ್ಚಿಗೆ ಹಚ್ಚಲು ಕ್ರೈಟಾಕ್ಸ್‌ನಂತಹ ವಿಶೇಷ ಗ್ರೀಸ್ ಬಳಸುತ್ತಾರೆ. ಸಣ್ಣ ಕುಪ್ಪಿಗೇ ನೂರಾರು ರೂಪಾಯಿ. ಹಾಗೆಂದು ಮನೆಯ ತೆಂಗಿನೆಣ್ಣೆ ಹಚ್ಚಿದರೆ? ಅದು ಚಳಿಗೆ ಗಟ್ಟಿಯಾಗುತ್ತದೆ, ಕೆಲವು ತಿಂಗಳಲ್ಲಿ ಕಮಟಿ ಅಂಟಾಗುತ್ತದೆ, ಇರುವೆಯನ್ನೂ ಕರೆಯುತ್ತದೆ. ಗ್ರೀಸಿನ ಕುಪ್ಪಿ ಮತ್ತು ಬ್ರಷ್ಷನ್ನು ಧೂಳು ಸೋಕದ ಬೇರೆ ಡಬ್ಬಿಯಲ್ಲಿ, ಬೆಂಕಿಯಿಂದ ದೂರ ಇಡಬೇಕು. ಇಂತಹ ಗ್ರೀಸ್ ಸುಟ್ಟರೆ ಬರುವ ಹೊಗೆ ವಿಷ. ಕೈ ತೊಳೆಯದೆ ಬೀಡಿ, ಸಿಗರೇಟು ಮುಟ್ಟುವುದು ಅಪಾಯ.

ಇವೆಲ್ಲ ಪುಟ್ಟ ಮಕ್ಕಳ ಕೈಗೆ ಸಿಗಬಾರದು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಜತೆಗೆ ಬಟನ್ ಬ್ಯಾಟರಿಗಳಿದ್ದರೆ ಅವಕ್ಕೆ ಬೀಗವೇ ಬೇಕು. ಮಗು ನುಂಗಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕಾದ ವಸ್ತು ಅದು.

ಬೆರೆತೇ ಹೋದರೆ?

ಅಡಕೆ ಬೆಳೆಗಾರರಿಗೆ ವಿಂಗಡಣೆಯ ಬೆಲೆ ಗೊತ್ತು. ಚಾಲಿಯ ಗೋಣಿಗೆ ಪಟೋರ, ಉಳ್ಳಿ, ಕೋಕ ಬೆರೆತರೆ ಇಡೀ ಗೋಣಿಗೆ ದರ ಇಳಿಯುತ್ತದೆ. ಆದರೆ ಅಡಕೆಯನ್ನು ಕಣ್ಣಿನಿಂದ ಆರಿಸಬಹುದು, ಸ್ಪ್ರಿಂಗನ್ನು ಆರಿಸಲು ಕಣ್ಣು ಸಾಲದು. ಅದಕ್ಕೊಂದು ಸುಲಭದ ಪರೀಕ್ಷೆ ಇದೆ.

ಹತ್ತು ರೂಪಾಯಿ ನಾಣ್ಯದ ತೂಕ 7.71 ಗ್ರಾಂ. ಎಂಟು ನಾಣ್ಯ ಸೇರಿದರೆ ಸುಮಾರು 61.7 ಗ್ರಾಂ. 2011ರ ಸರಣಿಯ ಎರಡು ರೂಪಾಯಿ ನಾಣ್ಯ 4.85 ಗ್ರಾಂ, ಅದನ್ನೂ ಸೇರಿಸಿದರೆ ಸುಮಾರು 66.5 ಗ್ರಾಂ. ಅಂದರೆ 62 ಮತ್ತು 67 ಗ್ರಾಂ ಸ್ಪ್ರಿಂಗುಗಳ ನಡುವಿನ ಅಂತರವನ್ನು ಒಂದು ಎರಡು ರೂಪಾಯಿ ನಾಣ್ಯ ತೋರಿಸಿಕೊಡುತ್ತದೆ! ಒಂದು ಸ್ವಿಚ್ಚನ್ನು ಪರೀಕ್ಷೆಗೆಂದೇ ಇಟ್ಟುಕೊಂಡು, ಒಂದೊಂದೇ ಸ್ಪ್ರಿಂಗ್ ಅದರೊಳಗೆ ಹಾಕಿ, ಮೇಲೆ ನಾಣ್ಯಗಳನ್ನು ಮೆಲ್ಲಗೆ ಪೇರಿಸುತ್ತಾ ಹೋಗಬೇಕು. ಎಷ್ಟು ನಾಣ್ಯಕ್ಕೆ ಕಡ್ಡಿ ಕೆಳಗಿಳಿಯಿತು ಎಂದು ನೋಡಿ ಎರಡು ರಾಶಿ ಮಾಡಬೇಕು. ಮೊದಲು ಖಚಿತವಾಗಿ ಗೊತ್ತಿರುವ ಒಂದೊಂದು ಸ್ಪ್ರಿಂಗ್ ಹಾಕಿ ನೋಡಿಕೊಂಡರೆ ಹೋಲಿಕೆಗೆ ಅಳತೆ ಸಿಗುತ್ತದೆ. ಕೆಲವು ಕಂಪೆನಿಗಳು ಕೀಲಿ ಕೆಲಸ ಮಾಡುವ ಹಂತದ ಒತ್ತಡವನ್ನೂ ಕೆಲವು ತಳ ಮುಟ್ಟುವ ಹಂತದ ಒತ್ತಡವನ್ನೂ ಬರೆಯುವುದರಿಂದ ಪೊಟ್ಟಣದ ಅಂಕಿಗಿಂತ ಈ ಹೋಲಿಕೆಯೇ ನಂಬಲರ್ಹ.

87 ಸ್ಪ್ರಿಂಗಿಗೆ ಹೀಗೆ ಮಾಡಲು ಒಂದು ಸಂಜೆ ಪೂರ್ತಿ ಬೇಕು. ಎರಡು ತೊಟ್ಟೆಗೆ ಎರಡು ಚೀಟಿ ಅಂಟಿಸಲು ಅರ್ಧ ನಿಮಿಷ ಸಾಕಿತ್ತು.

ಮಳೆಗಾಲವೇ ದೊಡ್ಡ ಶತ್ರು

ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ. ಅದರಲ್ಲಿ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಹಪ್ಪಳ ಮೆತ್ತಗಾಗುವ, ಉಪ್ಪು ನೀರೊಡೆಯುವ, ಚಪ್ಪಲಿಗೆ ಬೂಷ್ಟು ಹಿಡಿಯುವ ಆ ದಿನಗಳಲ್ಲಿ ಸ್ಕ್ರೂ, ಸ್ಪ್ರಿಂಗ್, ಸ್ಟೆಬಿಲೈಜರ್ ತಂತಿ ಹೇಗೆ ಉಳಿದಾವು? ಒಣ ಹವೆಯ ಊರಿನವರು ಮಾಡುವ ವಿಡಿಯೋಗಳಲ್ಲಿ ಈ ಪ್ರಶ್ನೆಗೆ ಉತ್ತರ ಸಿಗದು.

ಮೊದಲನೆಯದಾಗಿ, ಮುಚ್ಚಳದ ಅಂಚಿಗೆ ರಬ್ಬರ್ ಪಟ್ಟಿ ಇರುವ ಡಬ್ಬಿ ಬೇಕು. ಹಲವು ಮನೆ ಮಾಡಿದ ಅಗ್ಗದ ಪ್ಲಾಸ್ಟಿಕ್ ಪೆಟ್ಟಿಗೆ ವಿಂಗಡಣೆಗೆ ಒಳ್ಳೆಯದು, ತೇವ ತಡೆಯಲು ಅಲ್ಲ. ಆದ್ದರಿಂದ ಆ ಪೆಟ್ಟಿಗೆಯನ್ನೇ ಇನ್ನೊಂದು ಬಿಗಿ ಡಬ್ಬಿಯೊಳಗೆ ಇಳಿಸಬೇಕು. ಎರಡನೆಯದಾಗಿ, ತೇವ ಹೀರುವ ಸಿಲಿಕಾ ಜೆಲ್. ಹೊಸ ಚಪ್ಪಲಿ, ಚೀಲ, ಔಷಧಿ ಕುಪ್ಪಿಗಳ ಜತೆ ಬರುವ ಪುಟ್ಟ ಪೊಟ್ಟಣ ಅದೇ. ಆದರೆ ಮೇಜಿನ ಮೇಲೆ ತಿಂಗಳುಗಟ್ಟಲೆ ಬಿದ್ದಿದ್ದ ಪೊಟ್ಟಣ ಆಗಲೇ ಹೊಟ್ಟೆ ತುಂಬಾ ತೇವ ಕುಡಿದಿರುತ್ತದೆ. ಅದನ್ನು ಹಾಕಿ ಪ್ರಯೋಜನವಿಲ್ಲ. ಹೊಸತು ತರುವವರು ಬಣ್ಣ ಬದಲಾಯಿಸುವ ಕಿತ್ತಳೆ ಹರಳು ತಂದರೆ ಯಾವಾಗ ಬದಲಿಸಬೇಕೆಂದು ತಿಳಿಯುತ್ತದೆ. ನೀಲಿ ಹರಳಿನಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುವುದರಿಂದ ಮಕ್ಕಳಿರುವ ಮನೆಗೆ ಅದು ಬೇಡ.

ಅಕ್ಕಿ ಹಾಕಿದರಾಗದೇ ಎಂದು ಕೇಳುವವರಿದ್ದಾರೆ. ಆಗದು. ಅಕ್ಕಿ ಹೀರುವ ತೇವ ಅಲ್ಪ. ಅದರ ಹುಡಿ ಸ್ವಿಚ್ಚಿನೊಳಗೆ ಸೇರುತ್ತದೆ, ಹಿಂದೆಯೇ ಹುಳವೂ ಬರುತ್ತದೆ. ಅಟ್ಟದ ಮೇಲೆ ಇಡುವ ಅಭ್ಯಾಸವೂ ಇದಕ್ಕೆ ಹೊಂದುವುದಿಲ್ಲ. ಒಲೆಯ ಹೊಗೆ ಅಡಕೆ, ತೆಂಗಿನಕಾಯಿಯನ್ನು ಕಾಪಾಡೀತು, ಕೀಬೋರ್ಡಿನ ಭಾಗಗಳ ಮೇಲೆ ಜಿಡ್ಡು ಕೂರಿಸುತ್ತದೆ. ಹೊರಗೋಡೆಗೆ ತಾಗಿದ ಕಪಾಟನ್ನೂ ಬಿಟ್ಟು ಮನೆಯ ಒಳಗೋಡೆಯ ಕಪಾಟಿನ ನಡುವಿನ ಹಲಗೆ ಆರಿಸುವುದು ಉತ್ತಮ. ಬೆವರಿದ ಕೈಯಿಂದ ಮುಟ್ಟಿದ ಸ್ಪ್ರಿಂಗ್ ಬೇಗ ತುಕ್ಕು ಹಿಡಿಯುತ್ತದೆ. ಆದ್ದರಿಂದ ಕೈ ತೊಳೆದು ಒರೆಸಿಕೊಂಡು ಕೆಲಸಕ್ಕೆ ಕೂರಬೇಕು. ಮೇ ತಿಂಗಳ ಕೊನೆಯಲ್ಲಿ ಒಮ್ಮೆ, ಅಕ್ಟೋಬರ್‌ನಲ್ಲಿ ಒಮ್ಮೆ ಎಲ್ಲ ಡಬ್ಬಿ ತೆರೆದು ನೋಡುವ ವಾಡಿಕೆ ಇದ್ದರೆ ತುಕ್ಕು ಹರಡುವ ಮೊದಲೇ ಗೊತ್ತಾಗುತ್ತದೆ.

ಚೀಟಿ ಯಾವ ಭಾಷೆಯಲ್ಲಿ?

ಗಡಿನಾಡಿನ ಮನೆಯಲ್ಲಿ ಇದು ತಮಾಷೆಯ ಪ್ರಶ್ನೆಯಲ್ಲ. ಅಕ್ಕ ಕನ್ನಡ ಮಾಧ್ಯಮ, ತಮ್ಮ ಮಲಯಾಳ ಮಾಧ್ಯಮ, ಮಾತು ತುಳು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಲಾರದಿದ್ದರೆ ಚೀಟಿ ಇದ್ದೂ ಇಲ್ಲದಂತೆ. ಹೀಗಾಗಿ ಅಂಕೆ ಮತ್ತು ಮಾದರಿಯ ಮೊರೆಹೋಗುವುದು ಜಾಣತನ. ಡಬ್ಬಿಯ ಮುಚ್ಚಳದ ಮೇಲೆ ಒಳಗಿರುವ ಭಾಗವನ್ನೇ ಒಂದು ಟೇಪಿನಲ್ಲಿ ಅಂಟಿಸಿ, ಪಕ್ಕದಲ್ಲಿ ಮೂರು ವಿಷಯ ಬರೆದರೆ ಸಾಕು. ಅಳತೆ, ಎಣಿಕೆ, ಇಟ್ಟ ತಿಂಗಳು. ಉದಾಹರಣೆಗೆ, ಸ್ಪ್ರಿಂಗ್ ಅಂಟಿಸಿ '62 – 90 – 6/2025'. ಒಂದನ್ನು ತೆಗೆದರೆ 90 ಹೊಡೆದು 89 ಎಂದು ಬರೆಯಬೇಕು. ಪೆನ್ಸಿಲಿನಲ್ಲಿ ಬರೆದರೆ ತೇವಕ್ಕೆ ಶಾಯಿ ಹರಡುವ ಭಯವಿಲ್ಲ.

ಎರಡು ಭಾಷೆಯ ಪ್ರಶ್ನೆ ಕೀಲಿಯ ಮೇಲೂ ಇದೆ. ಭಾರತೀಯ ಭಾಷೆಗಳಿಗಾಗಿ 1980ರ ದಶಕದಲ್ಲಿ ರೂಪುಗೊಂಡ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಒಂದೇ ಧ್ವನಿಗೆ ಎಲ್ಲ ಭಾಷೆಯಲ್ಲೂ ಒಂದೇ ಕೀಲಿ. ಕನ್ನಡದ 'ಕ' ಮತ್ತು ಮಲಯಾಳದ 'ಕ' ಎರಡೂ ಇಂಗ್ಲಿಷಿನ 'ಕೆ' ಕೀಲಿಯಲ್ಲೇ ಇವೆ. ಒತ್ತಕ್ಷರಕ್ಕೆ ಬೇಕಾದ ಹಲಂತವೂ, ಮಲಯಾಳದ ಚಂದ್ರಕ್ಕಲವೂ 'ಡಿ' ಕೀಲಿಯಲ್ಲಿವೆ. ನುಡಿ ತಂತ್ರಾಂಶ ಬಳಸುವವರದ್ದು ಬೇರೆ ವಿನ್ಯಾಸ. ದಕ್ಷಿಣ ಕನ್ನಡದ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಅವರು ರೂಪಿಸಿದ ಕ್ರಮವನ್ನು ಆಧರಿಸಿದ ಅದರಲ್ಲಿ ಹಲಂತ 'ಎಫ್' ಕೀಲಿಯಲ್ಲಿದೆ.

ಇದಕ್ಕೂ ಬಿಡಿಭಾಗದ ಡಬ್ಬಿಗೂ ಏನು ಸಂಬಂಧ? ಸಂಬಂಧವಿದೆ. ಒತ್ತಕ್ಷರ ಬಂದಾಗಲೆಲ್ಲ ಹಲಂತದ ಕೀಲಿ ಒತ್ತಬೇಕು. ಆದ್ದರಿಂದ ಕನ್ನಡ, ಮಲಯಾಳ ಟೈಪಿಂಗಿನಲ್ಲಿ ಆ ಕೀಲಿಗೆ ಇಂಗ್ಲಿಷ್ ಟೈಪಿಂಗಿಗಿಂತ ಹೆಚ್ಚು ದುಡಿಮೆ. ಇಡೀ ದಿನ ಟೈಪ್ ಮಾಡುವವರು ಅದಕ್ಕೂ ಸ್ಪೇಸ್, ಎಂಟರ್, ಬ್ಯಾಕ್‌ಸ್ಪೇಸ್‌ಗಳಿಗೂ ಎಂದು ನಾಲ್ಕೈದು ಸಿದ್ಧ ಸ್ವಿಚ್ಚುಗಳನ್ನು ಎಣ್ಣೆ ಹಚ್ಚಿ ಬೇರೆಯೇ ಡಬ್ಬಿಯಲ್ಲಿ ಇಟ್ಟುಕೊಳ್ಳಬೇಕು. ಬೆಸುಗೆಯಿಲ್ಲದೆ ಕಿತ್ತು ಹಾಕಬಹುದಾದ ಸಾಕೆಟ್ ಇರುವ ಕೀಬೋರ್ಡ್ ಆದರೆ ಸ್ವಿಚ್ ಬದಲಿಸಲು ಎರಡು ನಿಮಿಷ ಸಾಕು. ಅರ್ಜಿ ತುಂಬಿಸಲು ಜನ ಸಾಲು ನಿಂತ ದಿನ ಈ ಡಬ್ಬಿ ಕೈಗೆ ಸಿಗುವಂತಿರಬೇಕು. ಸ್ವಿಚ್ ಕೀಳುವ ಇಕ್ಕುಳವೂ ಅದರಲ್ಲೇ ಇರಲಿ.

ಕೀಬೋರ್ಡಿಗೆ ಮಾತ್ರವಲ್ಲ

ಇಷ್ಟೆಲ್ಲಕ್ಕೆ ಖರ್ಚೆಷ್ಟು? ಮಾತ್ರೆ ಕುಪ್ಪಿ, ಸಿಹಿತಿಂಡಿ ಡಬ್ಬಿ, ಔಷಧಿ ತೊಟ್ಟೆ, ಐಸ್ ಟ್ರೇ ಎಲ್ಲ ಮನೆಯಲ್ಲೇ ಇರುವಂಥವು. ಕೊಳ್ಳಬೇಕಾದದ್ದು ರಬ್ಬರ್ ಅಂಚಿನ ಒಂದು ಡಬ್ಬಿ ಮತ್ತು ಸಿಲಿಕಾ ಜೆಲ್. ಬೆಲೆಬಾಳುವ ಬಿಡಿಭಾಗ ಪೆಟ್ಟಿಗೆಗಳನ್ನು ಮೊದಲೇ ಕೊಂಡು, ಆಮೇಲೆ ಅದರಲ್ಲಿ ಏನು ತುಂಬುವುದೆಂದು ಯೋಚಿಸುವುದು ಎತ್ತಿಗಿಂತ ಮುಂಚೆ ಮೂಗುದಾರ ಕೊಂಡಂತೆ.

ಕಲಿತ ಈ ಶಿಸ್ತು ಬೇರೆ ಕಡೆಗೂ ಒದಗುತ್ತದೆ. ಕೇರಳದ ಶಾಲೆಗಳಲ್ಲಿ 2018ರಲ್ಲಿ ಆರಂಭವಾದ ಲಿಟಲ್ ಕೈಟ್ಸ್ ಕ್ಲಬ್ಬುಗಳ ಮಕ್ಕಳು ಆರ್ಡುಯಿನೋ ಹಲಗೆ, ಎಲ್‌ಇಡಿ, ಪುಟ್ಟ ಮೋಟಾರು, ಸೆನ್ಸರುಗಳನ್ನು ಜೋಡಿಸಿ ಪ್ರಯೋಗ ಮಾಡುತ್ತಾರೆ. ಅಲ್ಲಿಯೂ ಕಿಟ್ಟಿನ ಒಂದು ತಂತಿ, ಒಂದು ರೆಸಿಸ್ಟರ್ ಕಾಣೆಯಾದರೆ ಮುಂದಿನ ತರಗತಿಯ ಮಗುವಿನ ಪ್ರಯೋಗ ನಿಲ್ಲುತ್ತದೆ. ತೋಟದ ಪಂಪ್‌ಸೆಟ್ಟಿನ ವಾಷರ್, ಸ್ಪ್ರೇಯರಿನ ನಾಸಲ್, ಹೊಲಿಗೆ ಯಂತ್ರದ ಬಾಬಿನ್ ಇವೆಲ್ಲದರ ಕಥೆಯೂ ಇದೇ. ಮನೆಯಲ್ಲಿ 'ಎಲ್ಲೋ ಇತ್ತು' ಎಂಬ ಮಾತು ಕೇಳಿದಾಗಲೆಲ್ಲ ಹೊಸತಕ್ಕೆ ದುಡ್ಡು ಹೋಗುತ್ತದೆ, ಹಳತು ಕಸವಾಗುತ್ತದೆ.

ಕೆಲಸ ಮುಗಿದ ಮೇಲೆ ಮೇಜು ಒರೆಸುವ ಮೊದಲು ಒಂದು ಎಣಿಕೆ ಮಾಡಿದರೆ ಒಳ್ಳೆಯದು. ಬಿಚ್ಚಿದ್ದು 87, ಮುಚ್ಚಿದ್ದು 87, ಉಳಿದ ಸ್ಪ್ರಿಂಗ್ ಮೂರು, ಡಬ್ಬಿಯ ಚೀಟಿಯಲ್ಲೂ ಮೂರು. ಲೆಕ್ಕ ಸರಿಹೋದರೆ ಆವತ್ತಿಗೆ ನೆಮ್ಮದಿ. ಹೋಗದಿದ್ದರೆ ಪೊರಕೆ ಹಿಡಿಯುವ ಮೊದಲು ಮೇಜಿನಡಿಗೆ ಟಾರ್ಚ್ ಹಿಡಿಯಬೇಕು. ಗುಡಿಸಿ ಅಂಗಳಕ್ಕೆ ಹೋದ ಸ್ಪ್ರಿಂಗ್ ಮತ್ತೆ ಸಿಗುವುದಿಲ್ಲ.